ಲೈಸೆನ್ಸ್ ಕೇಳದ ಅಂಗಡಿ

ಬಾಡಿಗೆ ಸೈಕಲ್ಲಿನ ಕಾಲ ನೆನಪಿದ್ದವರಿಗೆ ಈ ವಾರದ ವಿಷಯ ಬೇಗ ಹಿಡಿಸೀತು. ಗಂಟೆಗೆ ಇಷ್ಟು ಪೈಸೆ ಎಂದು ಸೈಕಲ್ ಕೊಡುವ ಅಂಗಡಿಗಳು ಆಗ ನಮ್ಮ ಕಡೆಯ ಸಣ್ಣ ಪೇಟೆಗಳಲ್ಲೂ ಇದ್ದವು. ಒಂದು ಉದ್ದನೆಯ ಪುಸ್ತಕ, ಕಿವಿಗೆ ಸಿಕ್ಕಿಸಿದ ಪೆನ್ಸಿಲು, ಗೋಡೆಯಲ್ಲೊಂದು ಗಡಿಯಾರ, ಇಷ್ಟೇ ಅಲ್ಲಿನ ಕಛೇರಿ. ಹುಡುಗ ಹೋಗಿ ನಿಂತರೆ ಅಂಗಡಿಯವರ ಮೊದಲ ಪ್ರಶ್ನೆ: "ನೀನು ಯಾರ ಮಗ ಮಾರಾಯ?" ಅಪ್ಪನ ಹೆಸರು ಹೇಳಿದರೆ ಮುಗಿಯಿತು. ಎಲ್ಲಿಯೋ ಬಿದ್ದು ಹ್ಯಾಂಡಲ್ ಸೊಟ್ಟಗಾದರೆ ಆ ಸುದ್ದಿ ಹುಡುಗನಿಗಿಂತ ಮೊದಲೇ ಮನೆ ಮುಟ್ಟುತ್ತಿತ್ತು. ಅಪ್ಪನ ಹೆಸರೇ ಠೇವಣಿ, ಅಪ್ಪನ ಹೆಸರೇ ವಿಮೆ.

ಈಗ ಅದೇ ಊರುಗಳ ಮಕ್ಕಳು ಬೆನ್ನಿಗೊಂದು ಚೀಲ ಏರಿಸಿಕೊಂಡು ಥಾಯ್ಲೆಂಡ್, ವಿಯೆಟ್ನಾಂ, ಬಾಲಿ ಎಂದು ಹೊರಡುತ್ತಾರೆ. ಅಲ್ಲಿ ಇಳಿದ ಕೂಡಲೇ ಮಾಡುವ ಮೊದಲ ಕೆಲಸ ಒಂದು ಸ್ಕೂಟರನ್ನೋ ಬೈಕನ್ನೋ ಬಾಡಿಗೆಗೆ ಹಿಡಿಯುವುದು. ಬಸ್ಸಿಗೆ ಕಾಯಬೇಕಾಗಿಲ್ಲ, ಟ್ಯಾಕ್ಸಿಯವನೊಡನೆ ಚೌಕಾಸಿ ಬೇಡ, ಕಂಡಲ್ಲಿ ನಿಲ್ಲಿಸಿ ಎಳನೀರು ಕುಡಿಯಬಹುದು. ಇಬ್ಬರು ಹೋದರೆ ಖರ್ಚೂ ಕಡಿಮೆ. ಆದರೆ ಅಲ್ಲಿಯ ಅಂಗಡಿಯವನಿಗೆ ನಿಮ್ಮ ಅಪ್ಪ ಯಾರೆಂದು ಗೊತ್ತಿಲ್ಲ. ಗೊತ್ತಿಲ್ಲವೆಂದು ಅವನೇನೂ ತಲೆ ಕೆಡಿಸಿಕೊಳ್ಳುವುದಿಲ್ಲ. ದುಡ್ಡು ಎಣಿಸಿಕೊಂಡು ಕೀ ಕೊಡುತ್ತಾನೆ. ಲೈಸೆನ್ಸ್ ಉಂಟೋ ಇಲ್ಲವೋ ಎಂದು ಅನೇಕ ಅಂಗಡಿಗಳಲ್ಲಿ ಕೇಳುವುದೇ ಇಲ್ಲ. ಅದನ್ನು ಕೇಳುವವರು ಆಮೇಲೆ ಬರುತ್ತಾರೆ. ರಸ್ತೆಯಲ್ಲಿ ಪೊಲೀಸರು, ಆಸ್ಪತ್ರೆಯಲ್ಲಿ ಕ್ಯಾಶಿಯರು, ಊರಿಗೆ ಬಂದ ಮೇಲೆ ವಿಮಾ ಕಂಪನಿಯ ಗುಮಾಸ್ತರು. ಈ ವಾರ ಹೇಳಹೊರಟದ್ದು ಇಷ್ಟೇ ಸಂಗತಿ. ಆದರೆ ಸಂಗತಿಗಿಂತ ಅದು ನನಗೆ ಗೊತ್ತಾದ ರೀತಿ ಹೆಚ್ಚು ಸ್ವಾರಸ್ಯದ್ದು.

ನನ್ನ ಅಕ್ಕನ ಮನೆ ಇರುವುದು ಶಿರ್ತಾಡಿಯಲ್ಲಿ. ಅವಳ ಮಗಳಿಗೆ ಮದುವೆಯಾಗಿ ಎರಡು ವರ್ಷ. ಹುಡುಗಿ, ಅಳಿಯ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಕಳೆದ ವರ್ಷ ರಜೆ ಕೂಡಿಸಿಕೊಂಡು ಮೂರು ವಾರ ಥಾಯ್ಲೆಂಡ್ ಮತ್ತು ವಿಯೆಟ್ನಾಮಿಗೆ ಹೋದರು. ಹೋದ ನಾಲ್ಕನೆಯ ದಿನ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಒಂದು ಫೋಟೋ ಬಂತು. ಬೆಟ್ಟದ ರಸ್ತೆ, ಕೆಂಪು ಸ್ಕೂಟರು, ಇಬ್ಬರ ತಲೆಯ ಮೇಲೂ ಹೆಲ್ಮೆಟ್ಟು. ಹ್ಯಾಂಡಲ್ ಹಿಡಿದು ಕೂತಿದ್ದವಳು ನಮ್ಮ ಹುಡುಗಿ. ಹಿಂದಿನ ಸೀಟಿನಲ್ಲಿ ಎರಡೂ ಚೀಲಗಳನ್ನು ಹೊತ್ತುಕೊಂಡು ಕೂತಿದ್ದವನು ಅಳಿಯ.

ಆ ಫೋಟೋ ಎಬ್ಬಿಸಿದ ಗದ್ದಲ ಸಣ್ಣದಲ್ಲ. ಬೀಗರ ಮನೆಯ ಒಬ್ಬ ಹಿರಿಯರು, "ಹುಡುಗನಿಗೆ ಹುಷಾರಿಲ್ಲವಾ?" ಎಂದು ಕೇಳಿದರು. ಇನ್ನೊಬ್ಬರು ನಗುವ ಮುಖಗಳನ್ನು ಸಾಲಾಗಿ ಕಳಿಸಿದರು. ಅಕ್ಕ ನನಗೆ ಫೋನ್ ಮಾಡಿ, "ನೀನಾದರೂ ಅವಳಿಗೆ ಸ್ವಲ್ಪ ಹೇಳು, ಅವರ ಕಡೆಯವರು ಎಂತ ಗ್ರಹಿಸ್ತಾರೆ?" ಎಂದಳು. ನಾನು ಹುಡುಗಿಗೆ ಫೋನು ಮಾಡಿದೆ. ಅವಳ ಉತ್ತರ ಚಿಕ್ಕದಾಗಿತ್ತು: "ಮಾವ, ಅವರಿಗೆ ಕಾರಿನ ಲೈಸೆನ್ಸ್ ಮಾತ್ರ ಇರೋದು. ಗೇರ್ ಇರುವ ಬೈಕಿನದ್ದು ನನಗೆ ಉಂಟು. ಮತ್ತೆ ಯಾರು ಓಡಿಸಬೇಕು?"

ಈ ಮಾತಿನ ಹಿಂದೆ ಒಂದು ಹಳೆಯ ಕತೆಯಿದೆ. ಅವಳು ಮೂಡುಬಿದಿರೆಗೆ ಕಾಲೇಜಿಗೆ ಹೋಗುತ್ತಿದ್ದಾಗ ಬೆಳಗ್ಗಿನ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಬಾಗಿಲಿನಲ್ಲಿ ಜೋತು ಹೋಗುವ ಹುಡುಗರಿಗೆ ಅದು ಆಟ. ಹುಡುಗಿಯರಿಗೆ ಅದು ಶಿಕ್ಷೆ. ಭಾವ ಒಂದು ದಿನ ತಮ್ಮ ಹಳೆಯ ಬೈಕನ್ನು ಶಾಲೆಯ ಮೈದಾನಕ್ಕೆ ತೆಗೆದುಕೊಂಡು ಹೋಗಿ ಮಗಳಿಗೆ ಕ್ಲಚ್ ಹಿಡಿಯಲು ಕಲಿಸಿದರು. ಹದಿನೆಂಟು ತುಂಬಿದ ಮೇಲೆ ಎಲ್‌ಎಲ್‌ಆರ್ ಮಾಡಿಸಿ, ಆರ್‌ಟಿಒ ಮೈದಾನದಲ್ಲಿ ಎಂಟು ಹಾಕಿಸಿ, ಗೇರ್ ಇರುವ ದ್ವಿಚಕ್ರದ ಲೈಸೆನ್ಸನ್ನೇ ಕೊಡಿಸಿದರು. "ಗೇರಿಲ್ಲದ್ದು ಸಾಕು, ಹೆಣ್ಣು ಮಗು" ಎಂದು ಹೇಳಿದವರಿಗೆ ಭಾವ, "ಕಲಿಯುವುದಾದರೆ ಪೂರ್ತಿ ಕಲಿಯಲಿ" ಎಂದಿದ್ದರು. ಅಳಿಯನ ಕತೆ ಬೇರೆ. ನಗರದ ಮಧ್ಯೆ ಬೆಳೆದವನು, ಬೈಕು ಅಪಾಯವೆಂದು ಅವನ ತಾಯಿ ಮುಟ್ಟಲೂ ಬಿಟ್ಟಿರಲಿಲ್ಲ. ಗೆಳೆಯರದ್ದನ್ನು ಅಲ್ಲಿ ಇಲ್ಲಿ ಓಡಿಸಿ ಅಭ್ಯಾಸವಿದೆ, ಕಾಗದ ಇಲ್ಲ.

ಹೊರದೇಶದಲ್ಲಿ ವಾಹನ ಓಡಿಸಲು ಬೇಕಾಗುವುದು ಅಂತರರಾಷ್ಟ್ರೀಯ ಚಾಲನಾ ಪರವಾನಿಗೆ. ಅದರ ಹೆಸರು ದೊಡ್ಡದಾದರೂ ಅದೇನೂ ಹೊಸ ಲೈಸೆನ್ಸ್ ಅಲ್ಲ. ನಮ್ಮಲ್ಲಿ ಈಗಾಗಲೇ ಇರುವ ಲೈಸೆನ್ಸಿನ ಅನುವಾದ ಎಂದರೆ ಸರಿಯಾದೀತು. ನಮ್ಮ ಆರ್‌ಟಿಒ ಕಛೇರಿಯೇ ಕೊಡುತ್ತದೆ. ಶುಲ್ಕ 1000 ರೂಪಾಯಿ, ಅವಧಿ ಒಂದು ವರ್ಷ. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಇಡೀ ದೇಶಕ್ಕೆ ಒಂದೇ ನಮೂನೆ ಗೊತ್ತು ಮಾಡಿತು. ಅಲ್ಲಿಯ ತನಕ ಒಂದೊಂದು ರಾಜ್ಯದ ಪುಸ್ತಕ ಒಂದೊಂದು ಬಗೆಯದಾಗಿ ಹೊರದೇಶದ ಪೊಲೀಸರಿಗೆ ಸಂಶಯ ಹುಟ್ಟಿಸುತ್ತಿತ್ತು. ಅದರಲ್ಲಿ ಎ, ಬಿ, ಸಿ ಎಂದು ವಾಹನಗಳ ವರ್ಗಗಳಿರುತ್ತವೆ. 'ಎ' ಎಂದರೆ ಮೋಟಾರ್ ಸೈಕಲ್, 'ಬಿ' ಎಂದರೆ ಕಾರು. ಊರಿನ ಲೈಸೆನ್ಸಿನಲ್ಲಿ ಬೈಕ್ ಇಲ್ಲದವನಿಗೆ 'ಎ' ಮುಂದೆ ಮೊಹರು ಬೀಳುವುದಿಲ್ಲ. ಅಳಿಯನ ಪುಸ್ತಕದಲ್ಲಿ 'ಬಿ'ಗೆ ಮಾತ್ರ ಮೊಹರು ಬಿದ್ದಿತ್ತು. ವಿದೇಶಕ್ಕೆ ಹೋಗಿ ಬೈಕ್ ಹತ್ತುವ ನಮ್ಮ ಹುಡುಗರಲ್ಲಿ ಬಹಳ ಮಂದಿ ಎಡವುವುದು ಇಲ್ಲಿಯೇ. ಪುಸ್ತಕ ಕೈಯಲ್ಲಿದೆ, ಒಳಗೆ ಯಾವ ಪುಟಕ್ಕೆ ಮೊಹರು ಬಿದ್ದಿದೆ ಎಂದು ನೋಡಿರುವುದಿಲ್ಲ.

ಥಾಯ್ಲೆಂಡಿನ ಉತ್ತರದಲ್ಲಿ ಚಿಯಾಂಗ್ ಮಾಯ್ ಎಂಬ ಪಟ್ಟಣವಿದೆ. ಇವರು ಸ್ಕೂಟರ್ ಬಾಡಿಗೆ ಹಿಡಿದದ್ದು ಅಲ್ಲಿ. ಮೊದಲು ಹೋದ ಅಂಗಡಿಯವನು ಲೈಸೆನ್ಸ್ ಕೇಳಲಿಲ್ಲ, ಪಾಸ್‌ಪೋರ್ಟ್ ಕೇಳಿದ. ನೋಡುವುದಕ್ಕಲ್ಲ, ಸ್ಕೂಟರು ವಾಪಸು ಬರುವ ತನಕ ಇಟ್ಟುಕೊಳ್ಳುವುದಕ್ಕೆ. ಅಳಿಯ ಚೀಲಕ್ಕೆ ಕೈ ಹಾಕಿಯೇ ಬಿಟ್ಟಿದ್ದ. ಹುಡುಗಿ ತಡೆದಳು.

ಪಾಸ್‌ಪೋರ್ಟಿನ ವಿಷಯದಲ್ಲಿ ಓದುಗರು ಒಂದು ಮಾತು ನೆನಪಿಡಬೇಕು. ಅದರ ಮೇಲೆ ನಮ್ಮ ಹೆಸರು, ಫೋಟೋ ಇದ್ದರೂ ಅದು ನಮ್ಮ ಸೊತ್ತಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಅದು ಎಂದೆಂದಿಗೂ ಕೇಂದ್ರ ಸರಕಾರದ ಸೊತ್ತು. ಸೊಸಾಯಿಟಿಯಲ್ಲಿ ಬಂಗಾರ ಅಡವಿಟ್ಟ ಹಾಗೆ ಅದನ್ನು ಅಡವಿಡುವ ಹಕ್ಕೇ ನಮಗಿಲ್ಲ. ಹಕ್ಕಿನ ಮಾತು ಹಾಗಿರಲಿ, ವ್ಯವಹಾರವನ್ನೇ ನೋಡಿ. ಸ್ಕೂಟರಿಗೆ ಒಂದು ಗೀರು ಬಿದ್ದರೆ ಅಂಗಡಿಯವನು ಹೇಳಿದ್ದೇ ರೇಟು. ಪಾಸ್‌ಪೋರ್ಟ್ ಅವನ ಮೇಜಿನೊಳಗಿದೆ, ನಾಳೆ ನಿಮ್ಮ ವಿಮಾನ. ಚೌಕಾಸಿ ಮಾಡುವ ತಾಕತ್ತು ಯಾರಿಗೆ ಉಳಿಯುತ್ತದೆ?

ಮುಂದಿನ ಬೀದಿಯಲ್ಲಿ ಇನ್ನೊಂದು ಅಂಗಡಿ ಸಿಕ್ಕಿತು. ಅಲ್ಲಿ ಪಾಸ್‌ಪೋರ್ಟಿನ ಜೆರಾಕ್ಸ್ ಪ್ರತಿ ಮತ್ತು ಒಂದಷ್ಟು ನಗದು ಠೇವಣಿ ಸಾಕಾಯಿತು. ಆ ಅಂಗಡಿಯ ಹೆಂಗಸು ಲೈಸೆನ್ಸ್ ಕೂಡ ತೋರಿಸಲು ಹೇಳಿದಳು. ಬಾಡಿಗೆ ಸ್ವಲ್ಪ ಹೆಚ್ಚು. ಹುಡುಗಿ ಸ್ಕೂಟರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಇದ್ದ ಗೀರು, ಒಡಕುಗಳನ್ನೆಲ್ಲ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡಳು. ಎರಡೂ ಬ್ರೇಕು ಹಿಡಿದು ನೋಡಿದಳು, ಟಯರಿಗೆ ಉಗುರು ಹಾಕಿ ನೋಡಿದಳು. "ಅಪ್ಪ ಸೆಕೆಂಡ್ ಹ್ಯಾಂಡ್ ಬೈಕ್ ತೆಗೊಳ್ಳುವಾಗ ಮಾಡಿದ್ದನ್ನೇ ನಾನೂ ಮಾಡಿದೆ" ಎಂದಳು ನನ್ನೊಡನೆ.

ಚಿಯಾಂಗ್ ಮಾಯ್‌ನಿಂದ ಪಾಯ್ ಎಂಬ ಬೆಟ್ಟದ ಊರಿಗೆ ಸುಮಾರು 130 ಕಿಲೋಮೀಟರು. ಹೋಗುವುದು 1095 ನಂಬರಿನ ಹೆದ್ದಾರಿಯಲ್ಲಿ. ಆ ದಾರಿಗೆ 762 ತಿರುವುಗಳು ಎಂದು ಲೆಕ್ಕ. ಆ ಸಂಖ್ಯೆಯನ್ನೇ ಅಂಗಿಗಳ ಮೇಲೆ ಅಚ್ಚು ಹಾಕಿ ಪಾಯ್ ಪೇಟೆಯಲ್ಲಿ ಮಾರುತ್ತಾರೆ. ಬೆಳ್ತಂಗಡಿಯಿಂದ ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿದ ನಮಗೆ ತಿರುವು ಹೊಸತಲ್ಲ. ಆದರೆ ಚಾರ್ಮಾಡಿಯಲ್ಲಿ ತಿರುವಿನ ಆಚೆಯಿಂದ ಹಾರ್ನ್ ಕೇಳುತ್ತದೆ. ಅಲ್ಲಿ ಹಾರ್ನ್ ಕಡಿಮೆ. ನಮ್ಮ ಹುಡುಗಿ ಪ್ರತಿ ತಿರುವಿನಲ್ಲೂ ಒತ್ತಿಕೊಂಡೇ ಹೋದಳಂತೆ. ಎದುರಿನವರೆಲ್ಲ ತಮ್ಮನ್ನು ಯಾರೋ ಪರಿಚಯದವರು ಕರೆದರು ಎಂದುಕೊಂಡು ಕೈಬೀಸುತ್ತಿದ್ದರಂತೆ. ಥಾಯ್ಲೆಂಡಿನಲ್ಲಿ ವಾಹನಗಳು ನಮ್ಮ ಹಾಗೆಯೇ ರಸ್ತೆಯ ಎಡಗಡೆಯಲ್ಲಿ ಹೋಗುವುದರಿಂದ ಆ ಮಟ್ಟಿಗೆ ಸುಲಭ.

ಆ ದೇಶದ ರಸ್ತೆಗಳಲ್ಲಿ ಸಾಯುವವರ ಪೈಕಿ ಸುಮಾರು ಮುಕ್ಕಾಲು ಪಾಲು ದ್ವಿಚಕ್ರ, ತ್ರಿಚಕ್ರ ವಾಹನಗಳಲ್ಲಿ ಹೋಗುವವರು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ವರದಿ ಹೇಳಿತ್ತು. ಪಾಯ್ ಪೇಟೆಯಲ್ಲಿ ಅದರ ಸಣ್ಣ ರೂಪ ಕಣ್ಣಿಗೆ ಬೀಳುತ್ತದೆ. ಮೊಣಕೈಗೆ, ಮೊಣಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಕಾಫಿ ಕುಡಿಯುವ ಬಿಳಿಯ ಹುಡುಗ ಹುಡುಗಿಯರು. ಇವರಲ್ಲಿ ಹೆಚ್ಚಿನವರು ಊರಿನಲ್ಲಿ ಎಂದೂ ದ್ವಿಚಕ್ರ ಮುಟ್ಟಿದವರಲ್ಲ, ಮೊದಲ ಪಾಠವನ್ನೇ ಬೆಟ್ಟದ ದಾರಿಯಲ್ಲಿ ಕಲಿಯ ಹೊರಟವರು. ಸೈಲೆನ್ಸರ್ ತಾಗಿ ಮೀನಖಂಡ ಸುಟ್ಟ ಗಾಯಕ್ಕಂತೂ ಅಲ್ಲಿ 'ಥಾಯ್ ಹಚ್ಚೆ' ಎಂದು ತಮಾಷೆಯ ಹೆಸರೇ ಇದೆ. ಸೀರೆಯುಟ್ಟು ಹಿಂದೆ ಕೂತು ಹೋಗುವ ನಮ್ಮ ತಾಯಂದಿರಿಗೆ ಈ ಹಚ್ಚೆ ಹೊಸತೇನಲ್ಲ ಬಿಡಿ.

ಪಾಯ್‌ನಲ್ಲಿ ಗಂಡ ಹೆಂಡಿರಿಗೆ ಜಗಳವಾಯಿತು. ನನಗೆ ಇದನ್ನು ಹೇಳಿದವನು ಅಳಿಯನೇ, ಆದ್ದರಿಂದ ಬರೆಯಲು ಅಡ್ಡಿಯಿಲ್ಲ. ಎರಡು ದಿನ ಹಿಂದೆ ಕೂತು ಅವನ ಬೆನ್ನೂ ನೊಂದಿತ್ತು, ಮನಸ್ಸೂ ನೊಂದಿತ್ತು. ಊರಿನ ಗುಂಪಿನಲ್ಲಿ ಬಂದ ನಗುವ ಮುಖಗಳನ್ನು ಅವನೂ ನೋಡಿದ್ದನಲ್ಲ. "ಊರ ಹೊರಗೆ ಜನವೇ ಇಲ್ಲದ ರಸ್ತೆ. ಹತ್ತು ಕಿಲೋಮೀಟರು ನಾನು ಓಡಿಸ್ತೇನೆ. ಒಂದು ಫೋಟೋ ತೆಗೆ" ಎಂದ. ಅವಳು ಕೀ ಕೊಡಲಿಲ್ಲ. "ಬಿದ್ದರೆ ಆಸ್ಪತ್ರೆ ಬಿಲ್ಲು ಯಾರು ಕೊಡ್ತಾರೆ?" ಎಂದಳು. ವಿಮೆ ಇದೆಯಲ್ಲ ಎಂದು ಅವನು ಪಾಲಿಸಿಯ ಕಾಗದ ಮೊಬೈಲಿನಲ್ಲಿ ತೆರೆದ. ಹೊರಡುವಾಗ ಇಬ್ಬರೂ ಅದನ್ನು ಪೂರ್ತಿ ಓದಿರಲಿಲ್ಲ. ಆ ರಾತ್ರಿ ಗುಡಿಸಲಿನಂಥ ಕೋಣೆಯಲ್ಲಿ, ಮಾತಿಲ್ಲದೆ, ಒಬ್ಬರ ಮೊಬೈಲಿನಲ್ಲಿ ಇಬ್ಬರೂ ಓದಿದರು.

ಪ್ರವಾಸ ವಿಮೆ ಮಾಡಿಸಿದವರೆಲ್ಲ ಹೀಗೊಮ್ಮೆ ಓದಬೇಕು. ಬಹುತೇಕ ಪಾಲಿಸಿಗಳಲ್ಲಿ ಒಂದು ಷರತ್ತು ಇರುತ್ತದೆ. ವಾಹನ ಓಡಿಸುವವನಲ್ಲಿ ಆ ದೇಶದ ಕಾನೂನು ಒಪ್ಪುವ, ಆ ವರ್ಗದ ವಾಹನಕ್ಕೇ ಸಲ್ಲುವ ಲೈಸೆನ್ಸ್ ಇರಬೇಕು. ಕುಡಿದಿರಬಾರದು. ಹೆಲ್ಮೆಟ್ ಹಾಕಿರಬೇಕು. ಕೆಲವು ಪಾಲಿಸಿಗಳು ಇಂತಿಷ್ಟು ಸಿಸಿಗಿಂತ ಮೇಲಿನ ಬೈಕನ್ನು ಒಪ್ಪುವುದಿಲ್ಲ. ಇನ್ನು ಕೆಲವು ಬಾಡಿಗೆಯ ದ್ವಿಚಕ್ರವನ್ನೇ ಹೊರಗಿಡುತ್ತವೆ. ಅಂಗಡಿಯವನು "ಇನ್ಶೂರೆನ್ಸ್ ಉಂಟು" ಎಂದು ಹೇಳುವುದು ಹೆಚ್ಚಾಗಿ ಸ್ಕೂಟರಿಗೆ ಕಡ್ಡಾಯವಾಗಿ ಇರಲೇಬೇಕಾದ ಚಿಕ್ಕ ವಿಮೆಯನ್ನು. ಮೂಳೆ ಮುರಿದು ಆಪರೇಶನ್ ಆಗಿ, ಜತೆಗೊಬ್ಬರನ್ನು ಇಟ್ಟುಕೊಂಡು ವಿಮಾನದಲ್ಲಿ ಊರಿಗೆ ಬರುವ ಖರ್ಚು ಅದರಲ್ಲಿ ಎಲ್ಲಿಗೂ ಸಾಲದು. ಮಧ್ಯಮ ವರ್ಗದ ಒಂದು ಮನೆಯನ್ನು ಸಾಲಕ್ಕೆ ದೂಡುವಷ್ಟು ದೊಡ್ಡ ಬಿಲ್ಲು ಅದು. ವಿದೇಶದಲ್ಲಿ ಬೈಕಿನಿಂದ ಬಿದ್ದ ಮಕ್ಕಳ ಆಸ್ಪತ್ರೆ ಖರ್ಚಿಗೆ ಇಂಟರ್‌ನೆಟ್ಟಿನಲ್ಲಿ ಕೈಯೊಡ್ಡುವ ತಂದೆ ತಾಯಂದಿರ ಮನವಿಗಳನ್ನು ನೀವೂ ನೋಡಿರಬಹುದು.

ಮರುದಿನ ವಾಪಸು ಬರುವಾಗ ಚಿಯಾಂಗ್ ಮಾಯ್ ಹತ್ತಿರ ಪೊಲೀಸರು ಅಡ್ಡ ನಿಂತಿದ್ದರು. ಪರದೇಶಿಗಳ ಸ್ಕೂಟರುಗಳನ್ನೆಲ್ಲ ಬದಿಗೆ ಹಾಕಿಸುತ್ತಿದ್ದರು. ಹುಡುಗಿ ಪುಸ್ತಕ ಕೊಟ್ಟಳು. ಪೊಲೀಸ್ ಪುಟ ತಿರುಗಿಸಿ, 'ಎ' ಮುಂದಿನ ಮೊಹರು ನೋಡಿ, ಊರಿನ ಲೈಸೆನ್ಸನ್ನೂ ನೋಡಿ, ಇಬ್ಬರ ಹೆಲ್ಮೆಟ್ಟಿನ ಪಟ್ಟಿ ನೋಡಿ, ಹೋಗಲು ಕೈ ಮಾಡಿದ. ಅಳಿಯ ಆ ಮೇಲೆ ಫೋಟೋದ ಮಾತು ಎತ್ತಲಿಲ್ಲ.

ವಿಯೆಟ್ನಾಮಿಗೆ ಬಂದಾಗ ಪಾತ್ರಗಳು ಅದಲು ಬದಲಾದವು.

ಹತ್ತು ಕೋಟಿ ಜನರಿರುವ ಆ ದೇಶದಲ್ಲಿ ಏಳು ಕೋಟಿಗೂ ಮೀರಿ ದ್ವಿಚಕ್ರಗಳಿವೆ. ಹಂದಿಮರಿ, ಫ್ರಿಜ್ಜು, ಹೂವಿನ ಬುಟ್ಟಿ ಎಲ್ಲವೂ ಅದರ ಮೇಲೆಯೇ ಹೋಗುತ್ತದೆ. ಇಷ್ಟು ಬೈಕುಗಳ ನಡುವೆ ನಮ್ಮದೂ ಒಂದು ಎಂದು ಯಾರಿಗಾದರೂ ಆಸೆಯಾಗುವುದು ಸಹಜ. ಆದರೆ ಆ ದೇಶದ ಬಾಗಿಲಲ್ಲಿ ನಮ್ಮ ಪರವಾನಿಗೆಯ ಪುಸ್ತಕ ಬರಿಯ ಕಾಗದವಾಗಿ ಬಿಡುತ್ತದೆ. ಕಾರಣ ಸ್ವಲ್ಪ ಹಳೆಯದು. ರಸ್ತೆ ಸಂಚಾರದ ಬಗ್ಗೆ ದೇಶ ದೇಶಗಳ ನಡುವೆ ಎರಡು ದೊಡ್ಡ ಒಪ್ಪಂದಗಳಿವೆ. 1949ರಲ್ಲಿ ಜಿನೀವಾದಲ್ಲಿ ಆದದ್ದು ಒಂದು, 1968ರಲ್ಲಿ ವಿಯೆನ್ನಾದಲ್ಲಿ ಆದದ್ದು ಇನ್ನೊಂದು. ಭಾರತದ ಪುಸ್ತಕ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ 2014ರಲ್ಲಿ ಸೇರಿಕೊಂಡದ್ದು ವಿಯೆನ್ನಾ ಒಪ್ಪಂದಕ್ಕೆ, ಜಿನೀವಾದ್ದಕ್ಕೆ ಅದು ಸೇರಿಲ್ಲ. ಹಾಗಾಗಿ ನಮ್ಮ ಆರ್‌ಟಿಒ ಕೊಟ್ಟ ಪುಸ್ತಕ, 'ಎ' ಮುಂದೆ ಎಷ್ಟು ಚಂದದ ಮೊಹರು ಇದ್ದರೂ, ಅಲ್ಲಿ ನಡೆಯುವುದಿಲ್ಲ. ಥಾಯ್ಲೆಂಡು ಜಿನೀವಾ ಒಪ್ಪಂದದಲ್ಲಿ ಇರುವುದರಿಂದ ಅಲ್ಲಿ ನಡೆಯಿತು. ಯಾವ ದೇಶ ಯಾವ ಒಪ್ಪಂದಕ್ಕೆ ಸಹಿ ಹಾಕಿದೆ ಎನ್ನುವುದು ಪೊಲಿಟಿಕಲ್ ಸಾಯನ್ಸ್ ಪಾಠದ ಒಣ ವಿಷಯ ಎಂದುಕೊಂಡಿದ್ದ ವಿದ್ಯಾರ್ಥಿಗಳು ಗಮನಿಸಬೇಕು.

ಈ ಸಂಗತಿ ಹೊರಡುವ ಮೊದಲೇ ಅಳಿಯ ಓದಿಕೊಂಡಿದ್ದ. ಹುಡುಗಿಗೆ ಒಪ್ಪಿಗೆಯಾಗಲಿಲ್ಲ. ಹಾಸ್ಟೆಲಿನಲ್ಲಿ ಜತೆಗಿದ್ದ ಭಾರತದ ಹುಡುಗರೆಲ್ಲ ಬೈಕ್ ಹಿಡಿದು ಹೋಗುತ್ತಿದ್ದರು. "ಯಾರೂ ಕೇಳೋದಿಲ್ಲ ಅಕ್ಕ, ಕೇಳಿದರೆ ಒಂದಿಷ್ಟು ಕೊಟ್ಟರಾಯಿತು" ಎಂದು ಅವರು ಧೈರ್ಯ ಹೇಳಿದರು. ಅವಳಿಗೆ ಓಡಿಸಲು ಬರುತ್ತದೆ, ಊರಿನ ಲೈಸೆನ್ಸ್ ಇದೆ, 762 ತಿರುವು ದಾಟಿ ಬಂದ ಹುಮ್ಮಸ್ಸು ಬೇರೆ. ಈಗ ಅಳಿಯನ ಸರದಿ: "ಪಾಯ್‌ನಲ್ಲಿ ನೀನು ನನಗೆ ಓದಿಸಿದ ಪಾಲಿಸಿಯನ್ನೇ ಇನ್ನೊಮ್ಮೆ ಓದು." ಅವಳಿಗೆ ಸಿಟ್ಟು ಬಂತು. ಆದರೆ ಓದಿದಳು.

ನನಗೆ ಕೇಳಿದರೆ, ಅವರ ಪ್ರವಾಸದ ನಿಜವಾದ ಸಾಹಸ ಈ ಎರಡು ಜಗಳಗಳೇ. ಕಣಿವೆ, ತಿರುವುಗಳನ್ನು ದಾಟುವ ಧೈರ್ಯ ಆ ವಯಸ್ಸಿನಲ್ಲಿ ಯಾರಿಗೂ ಇರುತ್ತದೆ. ಎಲ್ಲರೂ ಹೋಗುತ್ತಿರುವಾಗ ನಾವು ಹೋಗುವುದಿಲ್ಲ ಎನ್ನುವುದಕ್ಕೆ, ಅದೂ ಪ್ರೀತಿಸಿದವರ ಮುಖ ನೋಡಿ ಹೇಳುವುದಕ್ಕೆ, ಬೇರೆ ಬಗೆಯ ಗಟ್ಟಿತನ ಬೇಕು.

ಹಾಗೆಂದು ಅವರು ಹೋಟೆಲಿನಲ್ಲಿ ಕೂತು ದಿನ ಕಳೆಯಲಿಲ್ಲ. ಆ ದೇಶದಲ್ಲಿ 'ಈಸಿ ರೈಡರ್' ಎಂಬ ಒಂದು ವ್ಯವಸ್ಥೆಯಿದೆ. ಸ್ಥಳೀಯ ಸವಾರರು ತಮ್ಮದೇ ಬೈಕಿನಲ್ಲಿ ಪ್ರವಾಸಿಗರನ್ನು ಹಿಂದೆ ಕೂರಿಸಿಕೊಂಡು, ಚೀಲ ಕಟ್ಟಿಕೊಂಡು, ದಾರಿಯ ಕತೆ ಹೇಳುತ್ತ ಕರೆದೊಯ್ಯುತ್ತಾರೆ. ಉತ್ತರದ ಹಾ ಜಿಯಾಂಗ್ ಬೆಟ್ಟಗಳಲ್ಲೂ ಇಂಥವರು ಸಿಗುತ್ತಾರೆ. ಇವರಿಬ್ಬರೂ ಇಬ್ಬರು ಸವಾರರ ಬೆನ್ನ ಹಿಂದೆ ಕೂತು ಹುಯೆಯಿಂದ ದಾ ನಾಂಗ್‌ಗೆ ಹಾಯ್ ವಾನ್ ಕಣಿವೆಯ ಮೇಲಿಂದ ಹೋದರು.

ಹಾಯ್ ವಾನ್ ಎಂದರೆ ಕಡಲು ಮತ್ತು ಮೋಡ. ನಮ್ಮ ಘಾಟಿಗಳಿಂದ ಕಡಲು ಕಾಣಬೇಕಾದರೆ ಆಕಾಶ ತೊಳೆದ ಹಾಗೆ ಇರಬೇಕು. ಅಲ್ಲಿ ಬೆಟ್ಟದ ಬುಡಕ್ಕೇ ಕಡಲು ಬಂದು ಬಡಿಯುತ್ತದೆ. ಸುಮಾರು 20 ಕಿಲೋಮೀಟರಿನ ಏರು ಇಳಿತ, ನೆತ್ತಿ 500 ಮೀಟರಿಗೆ ಹತ್ತಿರ. ನೆತ್ತಿಯಲ್ಲಿ 1826ರ ಕಾಲದ ರಾಜರು ಕಟ್ಟಿಸಿದ ಇಟ್ಟಿಗೆಯ ಹೆಬ್ಬಾಗಿಲು, ಅದರ ಸುತ್ತ ಯುದ್ಧಕಾಲದ ಕಾವಲು ಗೂಡುಗಳು. 2005ರಲ್ಲಿ ಬೆಟ್ಟದ ಹೊಟ್ಟೆಯೊಳಗೆ ಆರು ಕಿಲೋಮೀಟರಿಗೂ ಉದ್ದದ ಸುರಂಗ ತೆರೆದ ಮೇಲೆ ಬಸ್ಸು, ಲಾರಿಗಳೆಲ್ಲ ಒಳಗೆ ಇಳಿದವು. ಸುರಂಗದೊಳಗೆ ಬೈಕ್ ಓಡಿಸಲು ಬಿಡುವುದಿಲ್ಲ, ಬೇಕಾದವರ ಬೈಕನ್ನು ಲಾರಿಯಲ್ಲಿ ಹೇರಿ ದಾಟಿಸುತ್ತಾರೆ. ಹೀಗಾಗಿ ಮೇಲಿನ ಹಳೆಯ ರಸ್ತೆ ಬೈಕಿನವರಿಗೂ ಪೆಟ್ರೋಲು ಟ್ಯಾಂಕರಿನವರಿಗೂ ಉಳಿಯಿತು. 2019ರ ಮಳೆಗಾಲದಲ್ಲಿ ಚಾರ್ಮಾಡಿ ಕುಸಿದು ದಾರಿ ಮುಚ್ಚಿದಾಗ ಪಟ್ಟ ಪಾಡು ನೆನಪಿರುವ ನಮ್ಮ ಹುಡುಗಿ, ಘಾಟಿಗೆ ಬದಲು ದಾರಿಯೊಂದಿದ್ದರೆ ಘಾಟಿ ಎಷ್ಟು ಚಂದ ಕಾಣುತ್ತದೆ ಮಾವ, ಎಂದಳು.

ಹುಡುಗಿ ಇನ್ನೊಂದು ಸಂಗತಿಯನ್ನೂ ಗಮನಿಸಿಕೊಂಡು ಬಂದಿದ್ದಳು. ಅಲ್ಲಿ ಹೆಲ್ಮೆಟ್ ಇಲ್ಲದ ತಲೆ ಸಿಗುವುದು ಅಪರೂಪ. 2007ರ ಡಿಸೆಂಬರ್ 15ರಂದು ಆ ದೇಶ ಎಲ್ಲ ರಸ್ತೆಗಳಲ್ಲಿ, ಸವಾರನಿಗೂ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಮಾಡಿತು. ಹಿಂದಿನ ದಿನದ ತನಕ ಬೋಳು ತಲೆಯಲ್ಲಿ ಹೋಗುತ್ತಿದ್ದ ನಗರಗಳು ಮರುಬೆಳಗ್ಗೆ ಹೆಲ್ಮೆಟ್ ಹಾಕಿ ಹೊರಟವು. ನಮ್ಮ ರಾಜ್ಯದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಎಂದು ಆದದ್ದು 2016ರ ಜನವರಿಯಲ್ಲಿ. ಪೇಟೆಯ ಹೊರಗೆ ಅದು ಎಷ್ಟರ ಮಟ್ಟಿಗೆ ತಲೆ ಏರಿದೆ ಎಂದು ಓದುಗರೇ ಹೇಳಬೇಕು. ನಮ್ಮಲ್ಲಿ ಹೆಲ್ಮೆಟ್ಟು ಹೆಚ್ಚಾಗಿ ಮೊಣಕೈಗೆ ಅಲಂಕಾರ.

ಅಲ್ಲಿ ವಾಹನಗಳು ರಸ್ತೆಯ ಬಲಗಡೆಯಲ್ಲಿ ಹೋಗುತ್ತವೆ. ಈಸಿ ರೈಡರಿನ ಬೆನ್ನ ಹಿಂದೆ ಕೂತು ಅದನ್ನು ನೋಡುತ್ತಿದ್ದಾಗಲೇ ಹುಡುಗಿಗೆ ತನ್ನ ಹಟ ಬಿಟ್ಟದ್ದು ಒಳ್ಳೆಯದಾಯಿತು ಎನಿಸಿತಂತೆ. ವೃತ್ತದಲ್ಲಿ ತಿರುಗುವಾಗ ಅವಳ ಕಣ್ಣು ಪ್ರತಿ ಸಲವೂ ತಪ್ಪು ಕಡೆಗೆ ಹೋಗುತ್ತಿತ್ತು. ಕೈಗೆ ಬಂದ ಅಭ್ಯಾಸವನ್ನು ತಲೆ ಅಷ್ಟು ಬೇಗ ತಿದ್ದುವುದಿಲ್ಲ.

ಇಂಡೋನೇಷ್ಯದ ಬಾಲಿಯ ಕತೆಯನ್ನೂ ಒಂದು ಮಾತಿನಲ್ಲಿ ಹೇಳಬೇಕು. ಅಂಗಿಯಿಲ್ಲದೆ, ಹೆಲ್ಮೆಟ್ ಇಲ್ಲದೆ, ಲೈಸೆನ್ಸ್ ಇಲ್ಲದೆ ಬಾಡಿಗೆ ಬೈಕುಗಳಲ್ಲಿ ಹಾರಾಡುವ ಪರದೇಶಿಗಳ ಕಾಟ ತಡೆಯಲಾರದೆ 2023ರ ಮಾರ್ಚಿನಲ್ಲಿ ಅಲ್ಲಿನ ಗವರ್ನರ್ ವಯಾನ್ ಕೋಸ್ತರ್, ಪ್ರವಾಸಿಗರಿಗೆ ಮೋಟಾರ್ ಸೈಕಲ್ ಕೊಡುವುದನ್ನೇ ನಿಲ್ಲಿಸಬೇಕು ಎಂದು ಹೊರಟಿದ್ದರು. ಗೋಕರ್ಣದಲ್ಲಿ, ಹಂಪಿಯಲ್ಲಿ ಅಂಥವರನ್ನು ಕಂಡು ಗೊಣಗಿದ ನಮಗೆ ಆ ಗವರ್ನರರ ಸಂಕಟ ಅರ್ಥವಾಗುತ್ತದೆ. ನಮ್ಮ ದೇಶದಲ್ಲಿ ಬೈಕ್ ಬಾಡಿಗೆಗೆ 1997ರ ಕೇಂದ್ರ ಯೋಜನೆಯ ಪ್ರಕಾರ ಪರವಾನಿಗೆ ಬೇಕು. ಗೋವದಲ್ಲಿ ಕಾಣುವ ಕಪ್ಪು ಫಲಕದ ಹಳದಿ ಅಕ್ಷರ ಆ ಪರವಾನಿಗೆಯ ಗುರುತು. ಸ್ವಂತ ಬೈಕನ್ನು ಗುಟ್ಟಾಗಿ ಬಾಡಿಗೆಗೆ ಕೊಡುವವರಿಂದ ತೆಗೆದುಕೊಂಡರೆ ಗೋವದಲ್ಲೂ ಪಾಡು ಒಂದೇ.

ಇಷ್ಟೆಲ್ಲ ಕೇಳಿದ ಮೇಲೂ ಅಕ್ಕನ ದೂರು ಒಂದು ಉಳಿದಿತ್ತು. "ಗಂಡ ಹೆಂಡತಿ ಬೈಕಿನಲ್ಲಿ ಊರೂರು ತಿರುಗುವುದು ಎಂಥ ಹೊಸ ಹುಚ್ಚು?" ಹೊಸತೇನೂ ಅಲ್ಲ ಅಕ್ಕ, ಎಂದೆ. ಮಂಗಳೂರಿನಲ್ಲಿ 1975ರಿಂದ 2012ರವರೆಗೆ ಅತ್ರಿ ಬುಕ್ ಸೆಂಟರ್ ನಡೆಸಿದ ಜಿ.ಎನ್. ಅಶೋಕವರ್ಧನರು ಪತ್ನಿ ದೇವಕಿಯವರೊಡನೆ 1990ರ ದಶಕದಲ್ಲಿಯೇ ಮೋಟಾರ್ ಸೈಕಲ್ ಏರಿ ಭಾರತ ಸುತ್ತಿದವರು. ಮೊಬೈಲು ಎಲ್ಲರ ಕೈಗೆ ಬಾರದಿದ್ದ ಕಾಲ ಅದು. ಪುಸ್ತಕದಂಗಡಿಗೆ ಹೋದ ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿಗೆ ಪುಸ್ತಕದ ಜತೆಗೆ ಬೆಟ್ಟ, ಗುಹೆ, ದಾರಿಗಳ ಹುಚ್ಚನ್ನೂ ಹಿಡಿಸಿದವರು ಅವರು. ಸ್ವಂತ ಬೈಕು, ಸ್ವಂತ ದೇಶ ಎನ್ನುವುದು ನಿಜ. ಆದರೆ ಸತಿಪತಿ ಒಂದೇ ಬೈಕಿನ ಮೇಲೆ ಲೋಕ ನೋಡಹೊರಟರೆ ಸಂಸಾರ ಕೆಡುತ್ತದೆ ಎನ್ನುವವರಿಗೆ ಆ ಉದಾಹರಣೆ ಸಾಕು.

ತಂದೆ ತಾಯಂದಿರೊಡನೆ ಎರಡು ಮಾತಿದೆ, ಸ್ವಲ್ಪ ಕಟುವಾದೀತು. ಪಿಯುಸಿ ಹುಡುಗನಿಗೆ ಸ್ಕೂಟರ್ ಕೀ ಕೊಟ್ಟು, "ಪೇಟೆಗೆ ಮಾತ್ರ ಹೋಗು, ಪೊಲೀಸರಿರುವ ಕಡೆ ಹೋಗಬೇಡ" ಎಂದು ಕಳಿಸುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಗೇರ್ ಇರಲಿ ಇಲ್ಲದಿರಲಿ, 50 ಸಿಸಿಗಿಂತ ಮೇಲಿನ ಬೈಕಿಗೆ ಹದಿನೆಂಟು ತುಂಬಲೇಬೇಕು. ಹದಿನಾರಕ್ಕೆ ಸಿಗುವ ಲೈಸೆನ್ಸ್ 50 ಸಿಸಿ ಒಳಗಿನದ್ದಕ್ಕೆ ಮಾತ್ರ, ಅಂಥ ಗಾಡಿ ಇಂದು ಅಂಗಡಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. 2019ರ ತಿದ್ದುಪಡಿಯ ನಂತರ ಅಪ್ರಾಪ್ತ ವಯಸ್ಸಿನ ಮಕ್ಕಳು ಓಡಿಸಿ ಸಿಕ್ಕಿಬಿದ್ದರೆ ಹೆತ್ತವರಿಗೋ ವಾಹನದ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಸಜೆಯೂ ಆಗಬಹುದು. ಆ ಹುಡುಗನಿಗೆ 25 ವಯಸ್ಸಿನವರೆಗೆ ಲೈಸೆನ್ಸೇ ಇಲ್ಲ. ಎಂದರೆ ಇಂದು ಅವಸರದಲ್ಲಿ ಕೊಟ್ಟ ಕೀ, ನಾಳೆ ಅವನು ಕೆಲಸಕ್ಕೋ ಪ್ರವಾಸಕ್ಕೋ ಹೊರದೇಶಕ್ಕೆ ಹೋದಾಗ ಅವನ ಪುಸ್ತಕದ ಮೊಹರನ್ನು ಅಳಿಸಿಯೇ ಕಳಿಸುತ್ತದೆ. ಪೊಲೀಸರು ಇಲ್ಲದ ಕಡೆ ಓಡಿಸು ಎಂದು ಮನೆಯಲ್ಲಿ ಕಲಿತವನು ಹನೋಯಿಯಲ್ಲಿ ಮಾತ್ರ ಕಾನೂನು ಓದುತ್ತಾನೆ ಎಂದು ಹೇಗೆ ನಂಬೋಣ?

ಹೆಣ್ಣು ಮಕ್ಕಳ ಹೆತ್ತವರಿಗೆ ನಮ್ಮ ಭಾವನನ್ನು ತೋರಿಸಿದರೆ ಸಾಕು. ಮಗಳು ಪರದೇಶದ ಬೆಟ್ಟದಲ್ಲಿ ಸ್ಕೂಟರ್ ಓಡಿಸಲಿ ಎಂದು ಅವರು ಕಲಿಸಿದ್ದಲ್ಲ, ಶಿರ್ತಾಡಿಯಿಂದ ಮೂಡುಬಿದಿರೆಗೆ ಹೊತ್ತಿಗೆ ಸರಿಯಾಗಿ ಮುಟ್ಟಲಿ ಎಂದು ಕಲಿಸಿದ್ದು. ಆ ಫೋಟೋವನ್ನು ಅವರು ಈಗ ದೊಡ್ಡದು ಮಾಡಿಸಿ ಚಾವಡಿಯ ಗೋಡೆಗೆ ಹಾಕಿದ್ದಾರೆ. ಬೀಗರು ಬಂದಾಗ ಅದರ ಕೆಳಗೇ ಕುರ್ಚಿ ಹಾಕುತ್ತಾರೆ. ಇದು ಬೇಕಂತಲೇ ಮಾಡುವುದೋ ಅಥವಾ ಫ್ಯಾನಿನ ಗಾಳಿ ಅಲ್ಲಿ ಚೆನ್ನಾಗಿ ಬರುತ್ತದೆ ಎಂದೋ, ನಾನು ಕೇಳಲು ಹೋಗಿಲ್ಲ.

ಅಳಿಯ ಈ ವರ್ಷ ದ್ವಿಚಕ್ರಕ್ಕೆ ಎಲ್‌ಎಲ್‌ಆರ್ ಮಾಡಿಸಿದ್ದಾನೆ. ರಜೆಗೆ ಬಂದಾಗ ಭಾವನ ಹಳೆಯ ಬೈಕಿನಲ್ಲಿ ಅದೇ ಶಾಲಾ ಮೈದಾನದಲ್ಲಿ ಎಂಟು ಹಾಕುವ ಅಭ್ಯಾಸ. ಹೆಂಡತಿ ನಡುವೆ ನಿಂತು, "ಕಾಲು ಊರಬೇಡಿ, ಕ್ಲಚ್ ಪೂರ್ತಿ ಬಿಡಬೇಡಿ" ಎಂದು ಹೇಳಿಕೊಡುತ್ತಾಳೆ. ಕಳೆದ ತಿಂಗಳು ಪರೀಕ್ಷೆಗೆ ಹೋಗಿ ಎರಡು ಸಲ ಕಾಲು ಊರಿದನಂತೆ. ಇನ್ನೊಂದು ದಿನಾಂಕ ಕೊಟ್ಟಿದ್ದಾರೆ.